ತೊಟ್ಟಿಲಿಗೆ ಇನ್ನು ಮೂರು ದಿನ

ಗೋಕಾಕದ ಹಳೆಯ ಪೇಟೆಯ ಹಿಂದಿನ ಓಣಿಯೊಂದರಲ್ಲಿ, ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ಒಂದು ಭಾನುವಾರದ ಮಧ್ಯಾಹ್ನ, ಬಾಣಂತಿಯ ಕೋಣೆಯ ಹೊಸ್ತಿಲಿನ ಈಚೆಗೆ ಆತನೂ ಆಚೆಗೆ ಆಕೆಯೂ ಕುಳಿತಿದ್ದರು. ಪುರುಡು ಕಳೆಯುವವರೆಗೆ ಒಳಗೆ ಕಾಲಿಡಬಾರದೆಂಬ ಹಿರಿಯರ ಕಟ್ಟಳೆಯನ್ನು ಆತನು ನಂಬಿದವನಲ್ಲವಾದರೂ ಅತ್ತೆಯ ಮನೆಯಲ್ಲಿ ಅದನ್ನು ಮೀರುವ ಧೈರ್ಯವಿಲ್ಲದವನಾದುದರಿಂದ, ಕುಂಚಿಗೆಯೊಳಗೆ ಮುಖ ಹುದುಗಿಸಿ ಕೌದಿಯ ಮೇಲೆ ಮಲಗಿದ್ದ ತನ್ನ ಒಂಬತ್ತು ದಿನದ ಮಗಳನ್ನು ನಾಲ್ಕು ಮೊಳದ ದೂರದಿಂದಲೇ ನೋಡುತ್ತಿದ್ದನು. ಆತನದು ಸಂಕೇಶ್ವರ; ಹುಕ್ಕೇರಿ ತಾಲೂಕಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಆಕೆಯ ತಂದೆ ಮೂಡಲಗಿಯ ಕಡೆಯಿಂದ ಬಂದು ಗೋಕಾಕದಲ್ಲಿ ನೆಲೆಸಿದವರು. ಆಕೆಯೂ ಹೈಸ್ಕೂಲಿನಲ್ಲಿ ಕನ್ನಡವನ್ನೇ ಕಲಿಸುತ್ತಾಳೆ. ಇಬ್ಬರ ಮಾತನ್ನೂ ಊರ ನುಡಿಯಲ್ಲಿಯೇ ಇದ್ದದ್ದಿದ್ದಂತೆ ಬರೆದಿದ್ದರೆ ಸೊಗಸು ಹೆಚ್ಚುತ್ತಿತ್ತೋ ಏನೋ. ಆದರೆ ಕನ್ನಡದ ಮಾಸ್ತರರಿಬ್ಬರು ತಮ್ಮೊಳಗೆ ವಾದಕ್ಕೆ ನಿಂತರೆ ಮಾತು ತಾನಾಗಿಯೇ ಪುಸ್ತಕದ ಅಟ್ಟವನ್ನು ಹತ್ತಿಬಿಡುತ್ತದೆಂಬುದನ್ನು ಅಂಥ ಮನೆಯಲ್ಲಿ ಬಾಳಿದವರು ಬಲ್ಲರು.

ಆತ: ಬಸ್ಸಿನಲ್ಲಿ ಕುಳಿತು ಅದನ್ನೇ ಯೋಚಿಸುತ್ತ ಬಂದೆ. ಹೊರಡುವಾಗ ಹಾಳೆಯ ತುಂಬ ಹೆಸರುಗಳಿದ್ದವು; ಒಂದೊಂದನ್ನೇ ಹೊಡೆದುಹಾಕುತ್ತ ಬಂದು ಗೋಕಾಕದಲ್ಲಿ ಇಳಿಯುವ ಹೊತ್ತಿಗೆ ಎರಡು ಮಾತ್ರ ಉಳಿದುಕೊಂಡವು. ನಮ್ಮ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರ ನಾಟಕದ ಹೆಸರಾದ ‘ಸಿರಿಸಂಪಿಗೆ’ಯ ಮೇಲೆ ಬಹಳ ಆಸೆಯಿತ್ತು. ಆದರೆ ಶಾಲೆಯ ಹಾಜರಿಯಲ್ಲಿ ಸಂಪಿಗೆ ಉದುರಿಹೋಗಿ ಸಿರಿಯೊಂದೇ ಉಳಿಯುವುದು, ಆ ಸಿರಿಯೋ ಈಗ ಫೋನಿನೊಳಗೆ ಕುಳಿತು ಕರೆದವರಿಗೆಲ್ಲ ಓಗೊಡುವ ಹೆಂಗಸು. ಹೊಡೆದುಹಾಕಿದೆ.

ಆಕೆ: ಉಳಿದವು ಯಾವುವು?

ಆತ: ಒಂದು ಹಿರಣ್ಮಯಿ. ಇನ್ನೊಂದು ಪ್ರಭೆ.

ಆಕೆ: ಎರಡನ್ನೂ ಹೊಳೆಯ ನೀರಿನಲ್ಲಿ ಅದ್ದಿ ತೆಗೆದಂತಿದೆ. ನಿಮ್ಮೂರ ಹೊಳೆಗೆ ಒಂದು, ನಮ್ಮೂರ ಹೊಳೆಗೆ ಒಂದು.

ಆತ: ಅಹುದು, ಅದನ್ನು ಮುಚ್ಚಿಡುವುದೇಕೆ? ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಮಹಾರಾಷ್ಟ್ರವನ್ನು ದಾಟಿ, ಸಂಕೇಶ್ವರದ ಮಗ್ಗುಲಲ್ಲಿ ಹರಿದು ಬಂದು ಘಟಪ್ರಭೆಯನ್ನು ಕೂಡುವ ಹಿರಣ್ಯಕೇಶಿಯ ದಂಡೆಯ ಮೇಲೆ ನಾನು ಈಜು ಕಲಿತೆ. ಆ ಘಟಪ್ರಭೆಯು ಈ ಊರ ಹತ್ತಿರ 52 ಮೀಟರಿನ ಬಂಡೆಯಿಂದ ಧುಮುಕುವುದನ್ನು ತೂಗುಸೇತುವೆಯ ಮೇಲೆ ನಿಂತು ನೋಡುತ್ತಿದ್ದಾಗ, ನಿಶ್ಚಯವಾದ ಮದುವೆಯ ಸಂಕೋಚ ಇನ್ನೂ ಬಿಟ್ಟಿರದ ನೀನು ಮೊದಲ ಬಾರಿ ನನ್ನ ಸಂಗಡ ಬಾಯಿಬಿಟ್ಟು ಮಾತನಾಡಿದೆ. ಜಲಪಾತದ ಭೋರ್ಗರೆತದಲ್ಲಿ ಒಂದಕ್ಷರವೂ ನನಗೆ ಕೇಳಿಸಲಿಲ್ಲವೆಂಬುದು ಬೇರೆ ಮಾತು. ಎರಡು ಹೊಳೆ ಕೂಡಿದ ನೀರಿನಿಂದ ಮಗಳಿಗೆ ಒಂದು ಹೆಸರನ್ನು ಮೊಗೆದುಕೊಂಡರೆ ತಪ್ಪೇನು?

ಆಕೆ: ತಪ್ಪೆಂದು ನಾನೆಲ್ಲಿ ಅಂದೆ? ಆದರೆ ಮೂರು ದಿನಗಳ ಮೇಲೆ ನಿಮ್ಮ ತಂಗಿ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ, ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರಲ್ಲ, ಆ ಗುದ್ದಿಗೆ ನಿಮ್ಮ ಹಿರಣ್ಮಯಿ ಎರಡು ತುಂಡಾಗಿ ಬಿದ್ದೀತು. ಉಳಿದದ್ದನ್ನು ನಮ್ಮ ಓಣಿ ನೋಡಿಕೊಳ್ಳುತ್ತದೆ. ಗುಗ್ಗರಿ ಮೆಲ್ಲುತ್ತ ಮನೆಗೆ ಹೋಗುವಷ್ಟರಲ್ಲಿ ಅವಳು ಹಿರಣವ್ವ ಆಗಿರುತ್ತಾಳೆ.

ಆತ: ಪ್ರಭೆಗೆ ಆ ಭಯವಿಲ್ಲ.

ಆಕೆ: ಪ್ರಭೆಗೆ ಬೇರೆ ಭಯವಿದೆ. ನಮ್ಮ ಅವ್ವನ ಓರಗೆಯಲ್ಲಿ ಓಣಿಗೆ ಇಬ್ಬರಂತೆ ಪ್ರಭಾ ಇದ್ದರು. ಬಾಗಿಲಿಗೆ ನಿಂತು ಒಂದು ಸಲ ಕೂಗಿ ನೋಡಿರಿ, ಮೊಮ್ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಮೂವರು ಹೊರಗೆ ಬರುತ್ತಾರೆ.

ಆತ: ಅವರು ಪ್ರಭಾ. ನಾನು ಹೇಳಿದ್ದು ಪ್ರಭೆ. ಇಷ್ಟು ವರ್ಷ ವ್ಯಾಕರಣ ಕಲಿಸಿದವಳಿಗೆ ಆ ಅಂತರವನ್ನು ನಾನು ಬಿಡಿಸಿ ಹೇಳಬೇಕೆ? ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗವು ಕನ್ನಡದ ಹೊಸ್ತಿಲನ್ನು ದಾಟಿದಾಗ ಎಕಾರಾಂತವಾಗಿ ನಿಲ್ಲುವುದು ಇಂದು ನಿನ್ನೆಯ ರೂಢಿಯಲ್ಲ. ಮಾಲಾ ಎಂಬುದು ಮಾಲೆ, ಸೀತಾ ಎಂಬುದು ಸೀತೆ, ಗಂಗಾ ಎಂಬುದು ಗಂಗೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಟ್ಟಿಕೊಟ್ಟ ಈ ನಿಯಮವನ್ನು ನಾವು ತರಗತಿಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ತರಗತಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಒಬ್ಬ ಸೀತೆಯೂ ಇಲ್ಲ, ಒಬ್ಬ ಶಕುಂತಲೆಯೂ ಇಲ್ಲ. ಎಲ್ಲರೂ ಸುನೀತಾ, ಸುವರ್ಣಾ, ಕವಿತಾ. ಗಡಿಯ ಗಾಳಿ ಬಡಿದು ನಮ್ಮ ಹೆಣ್ಣುಮಕ್ಕಳ ಹೆಸರಿನ ಕೊನೆಯ ಸ್ವರವೇ ವಾಲಿಹೋಗಿದೆ.

ಆಕೆ: ಗಾಳಿಯನ್ನೇಕೆ ದೂರುತ್ತೀರಿ? ಮೈಸೂರಿನಲ್ಲಿಯೂ ಎಲ್ಲರೂ ಸುನೀತಾ ಎಂದೇ ಬರೆಸುತ್ತಾರೆ, ಅಲ್ಲಿ ಯಾವ ಗಡಿಯಿದೆ? ಎಕಾರವು ಕಾವ್ಯದ ನಾಯಿಕೆಗೆ ಒಪ್ಪುವುದು. ನೀರಿಗೆ ಹೋದ ಹುಡುಗಿಯನ್ನು ಕರೆಯಲು ಬಾಯಿ ಅಗಲವಾಗಿ ತೆರೆಯಬೇಕು, ಅದಕ್ಕೆ ಆಕಾರವೇ ಬೇಕು.

ಆತ: ಐಸ್‌ಲ್ಯಾಂಡಿನಲ್ಲಿ ಇದಕ್ಕೆಂದೇ ಸರಕಾರದ ಒಂದು ಸಮಿತಿಯಿದೆ, ಬಲ್ಲೆಯಾ? 1991ರಿಂದ ನಡೆದುಬಂದಿದೆ. ಅಲ್ಲಿ ಯಾರಾದರೂ ಮಗುವಿಗೆ ಹಿಂದೆ ಇಲ್ಲದ ಹೆಸರನ್ನಿಡಬೇಕೆಂದರೆ, ಆ ಹೆಸರಿಗೆ ಅವರ ಭಾಷೆಯ ವಿಭಕ್ತಿಪ್ರತ್ಯಯ ಹತ್ತುತ್ತದೆಯೋ ಇಲ್ಲವೋ ಎಂಬುದನ್ನು ಆ ಸಮಿತಿ ಪರೀಕ್ಷಿಸುತ್ತದೆ.

ಆಕೆ: ನಮ್ಮಲ್ಲಿಯೂ ಇದೆ. ನಿಮ್ಮ ಅವ್ವ.

ಆತನು ನಕ್ಕನು; ಕೂಸು ಮುಖ ಕಿವಿಚಿತು. ಒಳಗಿನ ಅಡುಗೆಮನೆಯಿಂದ ಅಂಟು ಕರಿಯುವ ತುಪ್ಪದ ಪರಿಮಳ ಬರುತ್ತಿತ್ತು. ಬಾಣಂತಿಗೆಂದು ಅಂಟಿನುಂಡಿ ಕಟ್ಟುವುದು ಎಲ್ಲ ಊರಿನಲ್ಲಿಯೂ ಉಂಟು. ಗೋಕಾಕದವರು ಅದೇ ಕರಿದ ಅಂಟನ್ನು ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳ ಸಂಗಡ ಪಾಕಕ್ಕೆ ಹಾಕಿ, ಕರದಂಟು ಎಂಬ ಹೆಸರಿನಿಂದ ನಾಡಿಗೆಲ್ಲ ಮಾರಿದರು. ಮಾಡುವ ಬಗೆಯನ್ನೇ ಹೆಸರಾಗಿಸಿಕೊಂಡು ನಿಂತ ಇಂಥ ಪ್ರಾಮಾಣಿಕ ತಿಂಡಿ ಬೇರೊಂದು ನನಗೆ ನೆನಪಾಗುವುದಿಲ್ಲ. ಮನುಷ್ಯರ ಹೆಸರಿಗೆ ಆ ಪ್ರಾಮಾಣಿಕತೆ ಎಲ್ಲಿ ಬರಬೇಕು!

ಆತ: ಅವ್ವನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನ್ನೆ ರಾತ್ರಿ ಎದುರಿಗೆ ಕೂಡ್ರಿಸಿಕೊಂಡು, ‘ನಮ್ಮ ಅತ್ತಿ ಹೊಳ್ಳಿ ಬಂದಾಳ. ಅಕೀ ಹೆಸರ ಇಡ್ರಿ’ ಎಂದಳು.

ಆಕೆ: ಹೆಸರನ್ನು ಬಾಯಿಬಿಟ್ಟು ಹೇಳಿದರೇ?

ಆತ: ಅದು ಹೇಗೆ ಹೇಳಿಯಾಳು? ಅತ್ತೆಯ ಹೆಸರು. ನಲವತ್ತು ವರ್ಷ ಒಂದೇ ಸೂರಿನಡಿಯಲ್ಲಿ ಬಾಳಿದರೂ ಒಂದು ದಿನ ನಾಲಗೆಯ ಮೇಲೆ ತಂದವಳಲ್ಲ. ಹಿಡಕಲ್ಲ ಡ್ಯಾಮಿನ ಕಡೆಗೆ ಕೈಮಾಡಿ ತೋರಿಸಿ, ‘ಆ ರಾಜಾನ ಹೆಸರಿನ ಗತೆ ಐತೆಲ್ಲ’ ಎಂದಳು. ಅಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿದೆ. ನಮ್ಮ ಅಜ್ಜಿ ಲಗಮವ್ವ. ಲಖಮಗೌಡ, ಲಗಮಣ್ಣ, ಲಗಮವ್ವ—ಈ ಸೀಮೆಯ ಕಿವಿಗೆ ಒಂದೇ ಬಳ್ಳಿಯ ಕಾಯಿಗಳಂತೆಯೇ ಕೇಳಿಸುತ್ತವೆ.

ಆಕೆ: ಇಟ್ಟರೆ ಅವರು ಕೂಸನ್ನು ಏನೆಂದು ಕರೆಯುತ್ತಾರೆ?

ಆತ: ಕರೆಯಲಾರಳು. ಅದೇ ತಮಾಷೆ. ತಾನು ಎಂದೂ ಉಚ್ಚರಿಸಲಾಗದ ಹೆಸರನ್ನೇ ಮೊಮ್ಮಗಳಿಗೆ ಇಡಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮತ್ತಿ, ನಮ್ಮತ್ತಿ ಎಂದೇ ಎತ್ತಿ ಆಡಿಸಿಯಾಳು. ಬದುಕಿದ್ದಾಗ ಅಂಜಿ ನಡೆದ ಅತ್ತೆಯನ್ನು ಈಗ ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುವ ಆಸೆಯೋ ಏನೋ.

ಆಕೆ: ಲಗಮವ್ವ ಎಂಬುದರಲ್ಲಿ ನನಗೆ ಅಸಮಾಧಾನವಿಲ್ಲ. ದ್ಯಾಮವ್ವ, ನಿಂಗವ್ವ, ಯಲ್ಲವ್ವ ಎಂಬ ಹೆಸರುಗಳನ್ನು ನಾವು ಒಮ್ಮೆಗೇ ಕೆಳಗಿಳಿಸಿ, ಊರ ದೇವತೆಗಳ ಪಾಲಿಗೆ ಮಾತ್ರ ಬಿಟ್ಟುಕೊಟ್ಟೆವು. ಐದು ವರ್ಷಕ್ಕೊಮ್ಮೆ ಜಾತ್ರೆ ಮಾಡಿ ರಥದಲ್ಲಿ ಕೂಡ್ರಿಸುವ ಹೆಸರನ್ನು ಮಗಳಿಗಿಡಲು ನಾಚುತ್ತೇವೆ. ಆದರೆ ಹೆಸರಿನ ಸಂಗಡ ಲೆಕ್ಕವೂ ಬರುತ್ತದೆ. ಸತ್ತವರ ಹೆಸರು ಹೊತ್ತ ಹುಡುಗಿ ಒಂದು ತುತ್ತು ಹೆಚ್ಚು ಉಂಡರೂ ಅಜ್ಜಿಯಂತೆ, ಒಂದು ಮಾತು ಎದುರಾಡಿದರೂ ಅಜ್ಜಿಯಂತೆ. ತನ್ನಂತೆ ಎಂದು ಆಗುವುದು ಯಾವಾಗ?

ಆತ: ಅದಕ್ಕಿಂತ ಭಾರವಾದ ಹೆಸರುಗಳಿವೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಸಾಕವ್ವ ಇದ್ದಳು. ನಾಲ್ವರು ಅಕ್ಕಂದಿರ ಮೇಲೆ ಹುಟ್ಟಿದವಳು.

ಆಕೆ: ಹೆಣ್ಣು ಇನ್ನು ಸಾಕು ಎಂದು ದೇವರಿಗೆ ಕೊಟ್ಟ ನೋಟೀಸು. ನಿಮ್ಮ ಗಡಿಯಾಚೆ ಸಾತಾರೆಯಲ್ಲಿಯೂ ಹೀಗೆಯೇ ನಕೂಸಾ ಎಂದಿಡುತ್ತಿದ್ದರು, ಬೇಡವಾದವಳು ಎಂದು. 2011ರಲ್ಲಿ ಆ ಜಿಲ್ಲೆಯಲ್ಲಿ 285 ಹುಡುಗಿಯರನ್ನು ಒಂದೆಡೆ ಕೂಡಿಸಿ, ಅವರವರೇ ಬಯಸಿದ ಹೊಸ ಹೆಸರಿನ ಪತ್ರವನ್ನು ಕೈಗೆ ಕೊಟ್ಟರಂತೆ. ಆ ಸುದ್ದಿಯನ್ನು ಓದಿದಾಗ ನಾನು ಹುಡುಗಿ; ಪತ್ರಿಕೆಯನ್ನು ಮಡಿಸಿಡಲು ಬಹಳ ಹೊತ್ತು ಮನಸ್ಸಾಗಲಿಲ್ಲ.

ಆತ: ಕನ್ನಡದ ಸಾಕು ಅಷ್ಟು ಕ್ರೂರವಲ್ಲ. ಸಾಕು ಎಂದರೆ ಬೇಡವೆಂದೂ ಆಗುತ್ತದೆ, ಎತ್ತಿ ಬೆಳೆಸು ಎಂದೂ ಆಗುತ್ತದೆ. ಅಪ್ಪನು ಒಂದರ್ಥದಲ್ಲಿ ಇಟ್ಟ ಹೆಸರನ್ನು ಅವ್ವನು ಇನ್ನೊಂದರ್ಥದಲ್ಲಿ ಕರೆದಿರಬಹುದು.

ಆಕೆ: ಆ ಸಾಕವ್ವನಿಗೆ ನೀವು ಈ ಶ್ಲೇಷೆಯನ್ನು ಹೇಳಿದ್ದಿರಾ?

ಆತ: ಇಲ್ಲ. ಆಗ ನನಗೂ ತಿಳಿದಿರಲಿಲ್ಲ. ಏಳನೆಯ ಬೆಂಚಿನಿಂದ ನಾವೆಲ್ಲ ‘ಸಾಕು ಸಾಕು’ ಎಂದು ಕೂಗಿ ನಗುತ್ತಿದ್ದೆವು.

ಇಬ್ಬರೂ ತುಸುಹೊತ್ತು ಸುಮ್ಮನಾದರು. ಮಳೆ ಹಂಚಿನ ಮೇಲೆ ಒಮ್ಮೆ ಬಿರುಸಾಗಿ ಮತ್ತೆ ಇಳಿಯಿತು.

ಆತ: ಇನ್ನು ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು. ನನ್ನವನ್ನೆಲ್ಲ ಹೊಳೆಗೆ ಬಿಟ್ಟಾಯಿತು.

ಆಕೆ: ಬಹಳ ದಿನ ಭಾಮೆ ಎಂಬುದು ನನ್ನ ಮನಸ್ಸಿನಲ್ಲಿತ್ತು.

ಆತ: ಸತ್ಯಭಾಮೆ! ನಮ್ಮ ಅವ್ವನು ಕೇಳಿದರೆ ತೊಟ್ಟಿಲನ್ನೇ ಮಗುಚಿ ಹಾಕಿಯಾಳು. ಹಟಮಾರಿ, ಮತ್ಸರದ ಹೆಣ್ಣೆಂದು ಲೋಕವೇ ಹೇಳುತ್ತದೆ. ರುಕ್ಮಿಣಿ ಎಂದಿದ್ದರೆ ಒಂದು ಮಾತು.

ಆಕೆ: ಲೋಕಕ್ಕೇನು, ಅದು ಪಾರಿಜಾತವನ್ನು ಬೆಳತನಕ ಕುಳಿತು ನೋಡಿದ್ದರೆ ತಾನೆ? ನಮ್ಮ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂಡ್ರಿಸಿಕೊಂಡು, ಕುಲಗೋಡಕ್ಕೆ, ಕೌಜಲಗಿಗೆ, ಎಲ್ಲಿ ಆಟವಿದ್ದರೂ ಅಲ್ಲಿಗೆ ಒಯ್ಯುತ್ತಿದ್ದನು. ಅಪರಾಳ ತಮ್ಮಣ್ಣನು ಬರೆದಿಟ್ಟ ‘ಶ್ರೀಕೃಷ್ಣ ಪಾರಿಜಾತ’ವನ್ನು ಊರೂರಿನ ಬಯಲಿನಲ್ಲಿ ಕುಣಿಯುವಂತೆ ಬೆಳೆಸಿದವನು ನಮ್ಮ ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಆ ಆಟದಿಂದಲೇ ನಾಡಿಗೆಲ್ಲ ಗೊತ್ತಾದವಳು. ನಾರದನು ತಂದ ಒಂದು ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನೆಂಬುದಿಷ್ಟೇ ಕಥೆ. ಕೊಟ್ಟದ್ದು ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತದೆ. ಮಿಕ್ಕ ಇಡೀ ರಾತ್ರಿ ಭಾಮೆಯದು. ಅವಳು ಮುನಿಯುತ್ತಾಳೆ, ದೂತಿಯ ಮುಂದೆ ತೋಡಿಕೊಳ್ಳುತ್ತಾಳೆ, ಅಳುತ್ತಾಳೆ, ವಾದಿಸುತ್ತಾಳೆ, ತನಗೆ ಬರಬೇಕಾದದ್ದನ್ನು ಬಾಯಿಬಿಟ್ಟು ಕೇಳುತ್ತಾಳೆ. ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ಹೆಂಗಸರು, ಮನೆಯಲ್ಲಿ ಒಂದು ಸೀರೆಯನ್ನೂ ಬೇಡಿ ತಿಳಿಯದವರು, ಕಣ್ಣು ಮಿಟುಕಿಸದೆ ಅವಳನ್ನು ನೋಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರುಕ್ಮಿಣಿಯ ಕೈಯಲ್ಲಿ ಹೂವಿದ್ದಿತು, ಭಾಮೆಯ ಬಾಯಲ್ಲಿ ಹಾಡಿದ್ದಿತು.

ಆತ: ಇದನ್ನು ಕೇಳಿದ ಮೇಲೆ ನನ್ನ ವಿರೋಧವನ್ನು ಅರ್ಧ ಹಿಂತೆಗೆದುಕೊಂಡೆ. ಆದರೆ ಬಹಳ ದಿನ ಮನಸ್ಸಿನಲ್ಲಿ ‘ಇತ್ತು’ ಎಂದೆಯಲ್ಲ. ಈಗ ಇಲ್ಲವೇ?

ಆಕೆ: ಒಂದು ಸಂಗತಿ ನೋಡಿರಿ. ಅಪರಾಳದವನೊಬ್ಬ ತಮ್ಮಣ್ಣ, ಕುಲಗೋಡದವನೊಬ್ಬ ತಮ್ಮಣ್ಣ. ಊರ ಹೆಸರು ಹಿಂದೆ ನಿಂತು ಇವನು ಇವನೇ ಎಂದು ತೋರಿಸಿಕೊಟ್ಟಿತು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ನಮ್ಮೂರು ಅವರ ಬೆನ್ನು ಬಿಡಲಿಲ್ಲ. ಅವರ ಸಮಿತಿಯ ವರದಿ ಬಂದು, 1982ರಲ್ಲಿ ನಾಡೆಲ್ಲ ಬೀದಿಗಿಳಿದಾಗ ಈ ಕರದಂಟಿನ ಊರಿನ ಹೆಸರೇ ಒಂದು ಚಳವಳಿಯ ಹೆಸರಾಯಿತು. ಗಂಡಸಿನ ಅಡ್ಡಹೆಸರು ಅಷ್ಟು ದೂರ ನಡೆಯಬಲ್ಲದು. ನಮಗೆ ಅದು ಎಲ್ಲಿದೆ? ನಡುವಿನ ಹೆಸರು ಅಪ್ಪನದು, ಆಮೇಲೆ ಗಂಡನದು. ಕೊನೆಯದು ಆ ಮನೆಯದು, ಆಮೇಲೆ ಈ ಮನೆಯದು. ನನ್ನದೆಂದು ಇದ್ದದ್ದು ಮೊದಲಿನ ಮೂರಕ್ಷರ ಮಾತ್ರ. ಅದನ್ನು ನೀವು ಅಕ್ಕಿಯಲ್ಲಿ ಬರೆದಿರಿ.

ಈ ಮಾತಿನ ಅರ್ಥ ದಕ್ಷಿಣದ ಓದುಗರಿಗೆ ಕೂಡಲೇ ಹೊಳೆಯಲಾರದು. ಈ ಗಡಿಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹರಿವಾಣದಲ್ಲಿ ಅಕ್ಕಿಯನ್ನು ಹರವಿ, ವರನ ಕೈಯಿಂದ ಉಂಗುರದ ತುದಿಯಲ್ಲಿ ಅದರ ಮೇಲೆ ವಧುವಿನ ಹೊಸ ಹೆಸರನ್ನು ಬರೆಯಿಸುವ ಪದ್ಧತಿಯುಂಟು. ಆ ಗಳಿಗೆಯಿಂದ ಅವಳ ತವರಿನ ಹೆಸರು ತವರಿನವರ ಬಾಯಲ್ಲಿ ಮಾತ್ರ ಉಳಿಯುತ್ತದೆ.

ಆತ: ಹಿರಿಯರು ಹೇಳಿದರು, ಬರೆದೆ. ನಾಲ್ಕು ಹೆಸರು ಕೊಟ್ಟಿದ್ದರು. ಅದರಲ್ಲಿ ಒಳ್ಳೆಯದನ್ನು ಆರಿಸಿದೆನೆಂಬ ಹೆಮ್ಮೆಯೂ ನನಗಿತ್ತು.

ಆಕೆ: ಒಳ್ಳೆಯದೇ. ನಾನು ದೂರುತ್ತಿಲ್ಲ. ಅದೇ ದಿನ ಸಂಜೆ ನಿಮ್ಮ ಮನೆಯ ಹೊಸ್ತಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿ, ಒಡಪು ಕಟ್ಟಿ ನಿಮ್ಮ ಹೆಸರು ಹೇಳುವವರೆಗೆ ಒಳಗೆ ಬಿಡಲಿಲ್ಲ. ಮುಂಜಾನೆ ನನ್ನ ಹೆಸರು ಹೋಯಿತು, ಸಂಜೆ ನಿಮ್ಮ ಹೆಸರು ಪ್ರಾಸದೊಡನೆ ಬಾಯಿಗೆ ಬಂತು. ನಗಬೇಡಿರಿ. ಎಸ್.ಎಸ್.ಎಲ್.ಸಿ. ಪತ್ರದಲ್ಲಿ ಒಬ್ಬಳು, ಆಧಾರಿನಲ್ಲಿ ಇನ್ನೊಬ್ಬಳು. ಅವರಿಬ್ಬರೂ ನಾನೇ ಎಂದು ಪ್ರಮಾಣಪತ್ರ ಮಾಡಿಸಲು ಎಷ್ಟು ಸಲ ಅಲೆದೆನೆಂಬುದು ನಿಮಗೂ ಗೊತ್ತು.

ಆತ: ಗೊತ್ತು. ಮೋಟಾರು ಸೈಕಲ್ಲಿನ ಪೆಟ್ರೋಲು ನನ್ನದೇ ಅಲ್ಲವೇ?

ಆಕೆ: ಕೂಸಿಗೆ ಆ ಗತಿ ಬರಬಾರದು. 2023ರ ಅಕ್ಟೋಬರಿನಿಂದೀಚೆಗೆ ಹುಟ್ಟಿದವರಿಗೆ ಶಾಲೆಗೂ ಉಳಿದುದಕ್ಕೂ ಜನನ ಪ್ರಮಾಣಪತ್ರವೊಂದೇ ಆಧಾರವೆಂದು ಆಗಿದೆ. ಅದರಲ್ಲಿ ಒಮ್ಮೆ ಕೂತ ಹೆಸರನ್ನು ಅಕ್ಕಿಯಲ್ಲಿ ಅಳಿಸಲು ಬಾರದು.

ಆತ: ಹಾಗಾದರೆ ಅವಸರವೇಕೆ? ಹುಟ್ಟಿದ್ದನ್ನು 21 ದಿನಗಳೊಳಗೆ ಬರೆಯಿಸಿದರಾಯಿತು, ಹೆಸರಿನ ಮನೆಯನ್ನು ಖಾಲಿ ಬಿಟ್ಟರೂ ನಡೆಯುತ್ತದೆ. 12 ತಿಂಗಳೊಳಗೆ ಯಾವಾಗ ಬೇಕಾದರೂ ಬಿಡಿಕಾಸಿಲ್ಲದೆ ಸೇರಿಸಬಹುದು. 1969ರ ಕಾನೂನು ವರ್ಷದ ಸಾವಧಾನವನ್ನು ಕೊಟ್ಟಿದೆ.

ಆಕೆ: ಕಾನೂನು ವರ್ಷ ಕೊಟ್ಟೀತು, ನಮ್ಮ ಅವ್ವ ಕೊಡುವುದಿಲ್ಲ. ಗುಗ್ಗರಿಗೆ ಕಡಲೆ ಆಗಲೇ ಆರಿಸಿಟ್ಟಿದ್ದಾಳೆ. ತೊಟ್ಟಿಲಿಗೆ ಕಟ್ಟಲು ಬಣ್ಣದ ಕಟ್ಟಿಗೆಯ ಹಣ್ಣುಗಳೂ ಬಂದಿವೆ.

ಆತ: ಹಾಗಾದರೆ ಹೇಳಿಬಿಡು.

ಆಕೆ: ಊರಿನ ಹೆಸರನ್ನು ನೋಡಿರಿ. ಬೆಳಗಾಂವಿ ಎಂದು ಒಬ್ಬರು, ಬೆಳಗಾಂ ಎಂದು ಇನ್ನೊಬ್ಬರು, ಕಾಗದಪತ್ರಗಳಲ್ಲಿ ಆಂಗ್ಲರು ಬರೆದದ್ದೇ ಗಟ್ಟಿ. ಆದರೂ ಹಳ್ಳಿಯ ಮುದುಕಿಯ ಬಾಯಲ್ಲಿ ಬೆಳಗಾವಿ ಬೆಳಗಾವಿಯಾಗಿಯೇ ಉಳಿದುಕೊಂಡಿತ್ತು. 2014ರ ನವೆಂಬರ್ 1ರಂದು ಬೇರೆ ಹನ್ನೊಂದು ಊರುಗಳ ಸಂಗಡ ಅದರ ತವರಿನ ಹೆಸರು ಅದಕ್ಕೆ ಮರಳಿ ಬಂತು. ನೀವೇ ಕಾಲೇಜಿನಲ್ಲಿ ಪೇಢೆ ಹಂಚಿದ್ದೆನೆಂದು ಹೇಳುತ್ತಿದ್ದಿರಿ.

ಆತ: ಹಂಚಿದ್ದೆ. ಎಲ್ಲಿಗೆ ಬರುತ್ತಿದ್ದೀ ಎಂಬುದು ತುಸು ತುಸು ಕಾಣುತ್ತಿದೆ. ನಿನ್ನ ಹಳೆಯ ಹೆಸರನ್ನು ಮತ್ತೆ ಇಟ್ಟುಕೊಳ್ಳುವೆಯಾ?

ಆಕೆ: ನನಗೆ ಬೇಡ. ಈ ಹೆಸರಿಗೂ ಆರು ವರ್ಷವಾಯಿತು. ಶಾಲೆಯ ಮಕ್ಕಳು ಇದನ್ನೇ ಬಲ್ಲರು, ನಿಮ್ಮ ಸಿಟ್ಟೂ ಇದನ್ನೇ ಬಲ್ಲದು. ಹಳೆಯದು ಹಾಗೆಯೇ ಇದೆ. ಇಪ್ಪತ್ತೈದು ವರ್ಷ ಉಟ್ಟು, ಮಡಿಸಿ ಪೆಟ್ಟಿಗೆಯಲ್ಲಿಟ್ಟ ಇಳಕಲ್ಲ ಸೀರೆಯಂತೆ, ಅಂಚು ಮಾಸಿಲ್ಲ. ಅದನ್ನು ಇವಳಿಗೆ ಕೊಡೋಣ.

ಆತನು ಕೂಡಲೇ ಉತ್ತರ ಕೊಡಲಿಲ್ಲ. ಆಕೆ ಆ ಹೆಸರನ್ನು ಒಮ್ಮೆ, ಕೂಸಿನ ಕಡೆಗೆ ಬಾಗಿ, ಮೆಲ್ಲಗೆ ಉಚ್ಚರಿಸಿದಳು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ತೊಟ್ಟಿಲಿಗೆ ಇನ್ನೂ ಮೂರು ದಿನವಿದೆ, ಸೋದರತ್ತೆ ಕಿವಿಯಲ್ಲಿ ಹೇಳುವ ಮುನ್ನ ಅದು ಅಚ್ಚಾಗುವುದು ಸಲ್ಲದು.

ಆತ: ತಾಯಿಯ ಹೆಸರನ್ನು ಮಗಳಿಗೆ ಇಡುವುದುಂಟೇ? ಜನ ಏನೆಂದಾರು?

ಆಕೆ: ತಾಯಿಯ ಹೆಸರು ಎಲ್ಲಿದೆ? ಪ್ರಮಾಣಪತ್ರದ ತಾಯಿಯ ಮನೆಯಲ್ಲಿ ನೀವು ಉಂಗುರದಿಂದ ಬರೆದ ಹೆಸರಿರುತ್ತದೆ. ಮಗಳ ಮನೆಯಲ್ಲಿ ನಮ್ಮ ಅಪ್ಪ ಇಟ್ಟ ಹೆಸರು. ಎರಡೂ ಬೇರೆ ಬೇರೆ, ಯಾವ ಗುಮಾಸ್ತನೂ ತಕರಾರು ತೆಗೆಯಲಾರ.

ಆತ: ನಮ್ಮ ಅವ್ವನಿಗೆ ಏನು ಹೇಳಲಿ?

ಆಕೆ: ಮನೆಯಲ್ಲಿ ನಮ್ಮತ್ತಿ ಎಂದೇ ಕರೆಯಲಿ. ಆ ಹೆಸರನ್ನು ಹೇಗೂ ಅವರು ಬಾಯಿಂದ ಆಡುವವರಲ್ಲವಲ್ಲ, ಇಟ್ಟಿದ್ದೇವೆಂದೇ ತಿಳಿದುಕೊಂಡಿರಲಿ.

ಆತ: ಇದು ಭಾಮೆಯ ಯುಕ್ತಿ.

ಆಕೆ: ಒಂದು ಮಾತು ಬಾಕಿಯಿದೆ. ಇವಳ ಮದುವೆಯಲ್ಲಿ ಹರಿವಾಣ ತಂದರೆ, ಅಕ್ಕಿಯನ್ನು ಅನ್ನಕ್ಕೆ ಹಾಕಿರೆಂದು ನೀವೇ ಹೇಳಬೇಕು.

ಆತ: ಹೇಳುತ್ತೇನೆ. ಆದರೆ ಇವಳೇ ದೊಡ್ಡವಳಾಗಿ, ಈ ಹೆಸರು ತನಗೆ ಬೇಡ, ಹಳೆಯ ಸೀರೆಯಂತಿದೆ ಎಂದರೆ?

ಆಕೆ: ಅವಳೇ ಅಂದರೆ ಅನ್ನಲಿ. ಬದಲಿಸಿಕೊಳ್ಳಲಿ.

ಆಗ ಅಡುಗೆಮನೆಯಿಂದ ಆಕೆಯ ತಾಯಿ, ನೀರು ಕಾದದ್ದನ್ನು ತಿಳಿಸಲು, ಆರು ವರ್ಷಗಳಿಂದ ಈ ಒಂದು ಮನೆಯಲ್ಲಿ ಮಾತ್ರ ಉಳಿದಿದ್ದ ಆ ಹೆಸರನ್ನು ಹಿಡಿದು ಗಟ್ಟಿಯಾಗಿ ಕೂಗಿದರು. ಆಕೆ ಓಗೊಡಲು ಬಾಯಿ ತೆರೆದು, ತಡೆದು, ಕೂಸಿನ ಕಡೆಗೆ ನೋಡಿದಳು. ಕೂಸು ಕುಂಚಿಗೆಯೊಳಗೆ ಒಮ್ಮೆ ಆಕಳಿಸಿತು. ಉತ್ತರ ಬಾರದಿರಲು ತಾಯಿ ಇನ್ನೊಮ್ಮೆ ಕೂಗಿದರು. ಈ ಸಲ ಹೊಸ್ತಿಲಿನ ಈಚೆಗಿದ್ದ ಆತನೇ, ‘ಬಂದಳ್ರೀ ಅತ್ತಿ, ಇಬ್ಬರೂ ಬರತಾರ’ ಎಂದು ಓಗೊಟ್ಟನು.